ಆಗಲಾರದ್ದಕ್ಕೊಂದು ಸಾಲು

ಮೂರೇ ಸಾಲು ನಾನು ಸೇರಿಸಿದ್ದು.
ಕರ್ನಲ್ ತನ್ನ ಕಣಜದಿಂದ ಪುಟವೊಂದನ್ನು
ಎತ್ತಿ ಕೊಡುವ ಮೊದಲು
ಒಮ್ಮೆ ಮಗುಚಿ ನೋಡಲಿ:
ಖಾಲಿ ಅಂತ ಬರೆದಿದೆ, ಖಾಲಿಯೇ ಹೌದೇ?
ಹಿಡಿದವರ ಎಣಿಕೆ ಸೊನ್ನೆಗೆ ಬಂದಿದೆಯೋ
ಸೊನ್ನೆಗೂ ಕೆಳಗೆ, ಬಾವಿಯೊಳಗೆ ಇಳಿದಿದೆಯೋ?

ಪರಿಶೀಲಿಸುವ ಹಿರಿಯರು ಬರೆದರು:
ಇದು ಆಗಲು ಸಾಧ್ಯವೇ ಇಲ್ಲ.

ನನಗೂ ಗೊತ್ತು.
ಕರೆದವರ ಹಿಂದೆ ಕರೆದವರ ಜಾಡು ಹಿಡಿದು
ನಾಲ್ಕು ದಿನ ಎಲ್ಲ ದಾರಿ ನಡೆದು ಬಂದಿದ್ದೇನೆ.
ಎಲ್ಲ ಬಾಗಿಲಿಗೂ ಚಿಲಕವಿದೆ.
ಆದರೂ.

ಗದಗಿನ ಈ ಓಣಿಯಲ್ಲಿ
ನನ್ನ ಖೋಲಿಯ ಕೆಳಗೆ ಬೈಂಡಿಂಗಿನ ಅಂಗಡಿ.
ಹೊತ್ತು ಮೂಡುತ್ತಲೇ ಮೈದಾದ ಅಂಟು ಕುದಿಯುವ ವಾಸನೆ;
ಹುಳ ತಿನ್ನದಿರಲೆಂದು ಅದಕ್ಕೊಂದು ಚಿಟಿಕೆ ಮೈಲುತುತ್ತ.
ನಾನು ಪುಟ ಅಂದರೆ
ನಾಲ್ಕು ಸಾವಿರದ ತೊಂಬತ್ತಾರು ಬೈಟು.
ದಾವಲಸಾಬ ಕಾಕಾ ಪುಟ ಅಂದರೆ
ಡೆಮಿ ಹಾಳೆಯ ಹದಿನಾರನೆಯ ಪಾಲು.
ಚಹಾದ ಹೊತ್ತಿಗೆ ಇಬ್ಬರ ಪುಟವೂ ಒಂದೇ.

ಕಾಕಾ, ಆಗಲಾರದ್ದಕ್ಕ ಕಾವಲ ಯಾಕ? ಅಂದೆ.

ಆತ ಅಟ್ಟದಿಂದ ಒಂದು ಪಂಚಾಂಗ ಇಳಿಸಿದ.
ಹಾಳೆ ಹಳದಿ, ಹೊಲಿಗೆ ಮಾತ್ರ ಇನ್ನೂ ಗಟ್ಟಿ.
ಆಷಾಢ, ಶ್ರಾವಣ,
ಮತ್ತೆ ಶ್ರಾವಣ,
ಆಮೇಲೆ ನೇರ ಆಶ್ವೀಜ.
ಆ ವರ್ಷ ಗಣಪತಿ ಬರಲೇ ಇಲ್ಲ.

'ನನ್ನ ಕೈಯಾಂದ, ತಂಗಿ.
ಇಪ್ಪತ್ತ ವರ್ಷ ಪಳಗಿದ್ದ ಕೈ ಆವಾಗ.
ಒಂದ ಫಾರ್ಮು ಎರಡ ಸಲ ಬಿತ್ತು.
ನರಗುಂದದ ಗುರುಸಿದ್ದಪ್ಪ ಮಾಸ್ತರು
ಅಧಿಕ ಮಾಸ ಅಂತ ತಿಳಕೊಂಡು
ಎರಡೂ ತಿಂಗಳು ಒಪ್ಪತ್ತು ಉಂಡ್ರು.
ಬೈಲಿಲ್ಲ. ಸೊರಗಿ ಬಂದು ಬಾಗಿಲದಾಗ ನಿಂತ್ರು, ಅಷ್ಟ.'

ಅಂದಿನಿಂದ ಪ್ರತಿ ಫಾರ್ಮಿನ ಬೆನ್ನಿಗೊಂದು ಕರೀ ಗುರುತು,
ಒಂದಕ್ಕಿಂತ ಒಂದು ಕೊಂಚ ಕೆಳಗೆ.
ಕೂಡಿಸಿಟ್ಟರೆ ಬೆನ್ನ ಮೇಲೆ ಮೆಟ್ಟಿಲು ಇಳಿಯುತ್ತದೆ.
ಎಣಿಸುವುದಿಲ್ಲ ಆತ, ಕಣ್ಣು ಹಾಯಿಸುತ್ತಾನೆ;
ಮೆಟ್ಟಿಲು ತಪ್ಪಿದಲ್ಲಿ
ಕತ್ತಲಲ್ಲಿ ಕಾಲು ಎಡವಿದಂತೆ
ಕೈ ತಾನೇ ನಿಲ್ಲುತ್ತದೆ.
ಸಾವಿರ ಪ್ರತಿಗೆ ಎಷ್ಟು ಹೊತ್ತು?
ಒಂದು ಬೀಡಿ ಸೇದುವಷ್ಟು.

ಆ ಬೀಡಿಯ ಲೆಕ್ಕವನ್ನೇ
ನ್ಯಾನೋಸೆಕೆಂಡಿಗೆ ಇಳಿಸಿ ಹಿರಿಯರಿಗೆ ಕಳಿಸಿದೆ.
ಎರಡನೆಯ ತಕರಾರು ಬಂತು:
ತಪ್ಪು ಸಿಕ್ಕರೆ ಇಡೀ ಯಂತ್ರವನ್ನೇಕೆ ಕೆಡವುತ್ತೀಯ?

ಅದು ಖರೆ. ನನ್ನ ಮೊದಲ ಬರವಣಿಗೆಯಲ್ಲಿ
ಒಂದು ಪುಟ ಕೆಟ್ಟಿತೆಂದು
ಪ್ರೆಸ್ಸಿಗೇ ಬೆಂಕಿ ಇಡುವ ಸಿಟ್ಟಿತ್ತು.
ಅಳಿಸಿದೆ.
ಈಗ ಅದು ಕೆಟ್ಟ ಪುಟವನ್ನಷ್ಟೇ ಬದಿಗಿಡುತ್ತದೆ,
ಮತ್ತೆ ಯಾರ ಕೈಗೂ ಕೊಡುವುದಿಲ್ಲ,
ಒಂದೇ ಒಂದು ಸಲ ಕೂಗಿ ಹೇಳಿ
ಮುಂದಿನದನ್ನು ಎತ್ತಿಕೊಳ್ಳುತ್ತದೆ.

ಒಪ್ಪಿದರು. ಏಳು ತಿಂಗಳು
ಆ ಸಾಲು ಬಾಯಿ ಬಿಡಲಿಲ್ಲ. ನಾನೂ ಮರೆತೆ.

ಒಂದು ಸಂಜೆ ಕಾಕಾನ ಮೊಮ್ಮಗಳು ರೇಷ್ಮಾ
ಎರಡೆರಡು ಪಾವಟಿಗೆ ಹಾರಿ ಮೇಲೆ ಬಂದಳು.
'ಅಕ್ಕಾ, ಬಿಲ್ಲಿನ ಕಂಪ್ಯೂಟರಿನಾಗ ಏನೋ ಮೂಡೇತಿ!'
ಹಳೆಯ ಪೆಟ್ಟಿಗೆ ಅದು,
ನಾನೇ ಕರ್ನಲ್ ಕಟ್ಟಿ ಕೊಟ್ಟದ್ದು.
ಕಪ್ಪು ಪರದೆಯ ಮೇಲೆ ನನ್ನದೇ ವಾಕ್ಯ:
ಸೊನ್ನೆ ಇರಬೇಕಾದ ಕಡೆ ಸಾವಿರದ ಇಪ್ಪತ್ತನಾಲ್ಕು.
ಯಾರೂ ಮುಟ್ಟದ ಪುಟವನ್ನು
ಸಾವಿರದ ಇಪ್ಪತ್ತನಾಲ್ಕು ಮಂದಿ ಹಿಡಿದಿದ್ದಾರಂತೆ.

ಎಲ್ಲ ಚಿಲಕಗಳೂ ಹಾಕಿದ್ದಲ್ಲೇ ಇದ್ದವು.
ಒಂದು ಬಿಟ್ ಮಾತ್ರ, ಯಾರೂ ಎಬ್ಬಿಸದೆ,
ನಿದ್ದೆಗಣ್ಣಲ್ಲಿ ಎದ್ದು ನಿಂತಿತ್ತು.
ಪೆಟ್ಟಿಗೆ ಬಿಚ್ಚಿದರೆ, ಮೆಮೊರಿ ಪಟ್ಟಿಯ
ಬಂಗಾರದ ಹಲ್ಲುಗಳ ಸಂದಿಗೆ
ಕಾಗದದ ಧೂಳು, ಮೈದಾದ ಹಿಟ್ಟು.
ರೇಷ್ಮಾಳ ಕಂಪಾಸಿನ ರಬ್ಬರಿನಿಂದ ತಿಕ್ಕಿ ಕೂಡಿಸಿದೆ.
ನಾನು ಪೆಟ್ಟಿಗೆ ಆರಿಸುವ ತನಕವೂ
ಬಿಲ್ಲುಗಳು ತಪ್ಪಿಲ್ಲದೆ ಬರುತ್ತಲೇ ಇದ್ದವು.

ಹಿರಿಯರಿಗೆ ಬರೆಯಬೇಕು ಅಂದುಕೊಂಡೆ,
ಯಾಕೋ ಬರೆಯಲಿಲ್ಲ.

'ಏನ ಅಂತದ ಅದು?' ಕಾಕಾ ಪರದೆಗೆ ಬಗ್ಗಿದ.
'ಎರಡ ಶ್ರಾವಣ, ಕಾಕಾ.'
ಆತ ಅಂಟಿನ ಕೈಯನ್ನು ಅಂಗಿಗೆ ಒರೆಸಿ
ಮುಂದಿನ ಥಪ್ಪಿಯ ಬೆನ್ನು
ದೀಪದ ಕಡೆ ಹೊರಳಿಸಿದ.